ಚೀಟಿಯಿಲ್ಲದ ಸಾಲು

"ಕರೆಂಟ್ ಬರೋ ತನಕ ಜ್ವರ ಕಾಯ್ತಾ ಕೂತಿರುತ್ತೇನಯ್ಯಾ?" ಮುನಿಗಂಗಮ್ಮ ಸರ್ಕಾರಿ ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಗೆ ಬಡಿದಳು. "ವೇಮಗಲ್‌ನಿಂದ ಮೊದಲ್ನೇ ಬಸ್ಸಿಗೆ ಬಂದಿದೀನಿ!" ಅವಳ ಹೆಗಲ ಮೇಲೆ ಎರಡು ವರ್ಷದ ಮೊಮ್ಮಗಳು ಕಾದ ಹೆಂಚಿನಂತೆ ಸುಡುತ್ತಿದ್ದಳು.

"ನನ್ ಮೇಲ್ಯಾಕಮ್ಮ ರೇಗ್ತೀಯ? ಹೆಸರು ಕಂಪ್ಯೂಟರ್‌ಗೆ ಹತ್ತಬೇಕು, ಆಮೇಲೇ ಚೀಟಿ. ಚೀಟಿ ಇಲ್ದೆ ಡಾಕ್ಟ್ರು ನೋಡಂಗಿಲ್ಲ." ಗುಮಾಸ್ತ ಮಾಧವ ಕಪ್ಪಾಗಿ ಕೂತಿದ್ದ ಪರದೆ ತೋರಿಸಿದ.

"ಹೋದ ತಿಂಗಳು ಕೈಯಲ್ಲೇ ಬರ್ಕೊಟ್ಟೆ. ಅಷ್ಟರೊಳಗೆ ಅಕ್ಷರ ಮರ್ತೋಯ್ತಾ?" ಸಾಲು ಗೊಳ್ಳೆಂದು ನಕ್ಕಿತು. ಮಾಧವನಿಗೂ ನಗು ಬಂತು. ಚೀಟಿ ಮಾತ್ರ ಬರಲಿಲ್ಲ.

ಗಲಾಟೆಗೆ ಎದುರಿನ ಕೋಣೆಯಿಂದ ಡಾಕ್ಟರ್ ವಿಭಾ ಇಣುಕಿದರು. ಬಾಗಿಲ ತನಕ ಬೆಳೆದಿದ್ದ ಸಾಲು ಕಂಡು ಬೆಪ್ಪಾದರು. "ಅಯ್ಯೋ, ಇಷ್ಟು ಜನ ಇದ್ದೀರಾ? ಬೆಳಗ್ಗೆಯಿಂದ ಒಬ್ರೂ ಒಳಗೆ ಬರ್ಲಿಲ್ಲ ಅಂತ, ಊರೆಲ್ಲ ಗಟ್ಟಿಮುಟ್ಟಾಗಿದೆ ಅಂದ್ಕೊಂಡು ಕಿಟಕಿ ಬೆಳಕಿಗೆ ಪೇಪರ್ ಓದ್ತಾ ಕೂತಿದ್ದೆ!" ಮಗುವಿನ ಹಣೆ ಮುಟ್ಟಿದವರೇ ಒಳಗೆ ಹೋಗಿ, ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಬಂದರು. "ಒಳಗೆ ಕತ್ತಲೆ. ಹೊರಗೆ ಹೊಂಗೆ ಮರದ ಕೆಳಗೆ ಬನ್ನಿ ಎಲ್ಲರೂ."

"ಮೇಡಂ, ಚೀಟಿ?" ಮಾಧವ ಕೂಗಿದ.

ಮುನಿಗಂಗಮ್ಮನ ಬಾಯಲ್ಲಿ ಇನ್ನೂ ನಾಲ್ಕು ಬೈಗುಳ ಉಳಿದಿದ್ದವು. ಅವನ್ನು ನುಂಗಿಕೊಂಡು ಡಾಕ್ಟರಮ್ಮನ ಹಿಂದೆ ಓಡಿದಳು. ಆ ದಿನ ಡಾಕ್ಟರಮ್ಮ ಚೀಟಿ ಕೇಳದೆ ಸಾಲಿನವರನ್ನೆಲ್ಲ ಮರದ ಕೆಳಗೇ ನೋಡಿದರು; ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ.