ಹೆಸರಿಗೆ ಹತ್ತು ಅಕ್ಷರ

ಏಡಿ ಮೂರನೇ ಸಲ ಮಗುಚಿ ಬಿತ್ತು. ಶಶಿಪ್ರಭಾ ಫೋನನ್ನು ಗಾಜಿನ ಮೇಜಿನ ಮೇಲಿಟ್ಟು, ಬೆವೆತ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. ಗಂಟೆ ಆರೂವರೆ. ಪಾಣೆಮಂಗಳೂರಿನ ಈ ಮೊಬೈಲ್ ಅಂಗಡಿ ಎಂಟಕ್ಕೆ ಮುಚ್ಚುತ್ತದೆ.

"ಇನ್ನೊಮ್ಮೆ ಮಾಡುವ, ಶಶಿಯಕ್ಕ," ಎಂದಳು ಅಂಗಡಿಯ ಒಡತಿ ಶಮ್ನಾ.

ಅರುವತ್ತೆರಡನೇ ವಯಸ್ಸಿನಲ್ಲಿ ಫೋನಿನಲ್ಲಿ ರಾಕ್ಷಸ ಪ್ರಾಣಿಗಳನ್ನು ಹಿಡಿದು ಸಾಕುವ ಆಟ ಕಲಿಯಲು ಕೂತರೆ ಯಾರಿಗಾದರೂ ನಗು ಬರುತ್ತದೆ. ಶಮ್ನಾಳಿಗೂ ಮೊದಲ ದಿನ ಬಂದಿತ್ತು. ಕಾರಣ ಕೇಳಿದ ಮೇಲೆ ನಗಲಿಲ್ಲ.

ನಲವತ್ತು ದಿನಗಳ ಹಿಂದೆ ಸೊಸೆ ಸುರಕ್ಷಾ, ಒಂಬತ್ತು ವರ್ಷದ ಮಗಳು ಪ್ರಾಪ್ತಿಯನ್ನು ಕರೆದುಕೊಂಡು ಮನೆ ಬಿಟ್ಟಿದ್ದಳು. ನಂಬರು ಬದಲಾಯಿಸಿದ್ದಳು. ಮಡಂತ್ಯಾರಿನ ತವರಿನವರಿಗೂ ಎಲ್ಲಿದ್ದಾಳೆಂದು ಗೊತ್ತಿಲ್ಲವಂತೆ. ಹೆಂಗಸಿಗೆ ಇಷ್ಟು ಸೊಕ್ಕೇ ಎಂದು ಊರು ಬೈಯಿತು. ಮಗಳಿಲ್ಲದೆ ಅವಳ ಗಂಡ ಲತೇಶ ಅರ್ಧಕ್ಕರ್ಧ ಇಳಿದುಹೋಗಿದ್ದಾನೆ, ಪಾಪ, ಎಂದೂ ಅಂದಿತು. ಊರಿಗೇನು, ಬಾಯಿ ಉಂಟಲ್ಲ!

ಪ್ರಾಪ್ತಿಗೆ ಈ ಆಟದ ಹುಚ್ಚು. ಎಲ್ಲ ಸಂಪರ್ಕ ಕತ್ತರಿಸಿದ ಸುರಕ್ಷಾ ಇದೊಂದನ್ನು ಮರೆತಿದ್ದಳು. ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಆಟದೊಳಗೆ ಮಗುವನ್ನು ಹುಡುಕುವ ಸಂಖ್ಯೆ ಲತೇಶನಿಗೆ ಸಿಕ್ಕಿತು. ಗೆಳೆತನ ಕೇಳಿ ಅವನು ಕಳಿಸಿದ್ದಕ್ಕೆ ಉತ್ತರವೇ ಇಲ್ಲ. ಆಗ ಅಮ್ಮನಿಗೆ ಹೊಸ ಫೋನು ತೆಗೆದುಕೊಟ್ಟು, ಅವಳ ಹೆಸರಿನಲ್ಲಿ ಕಳಿಸಿದ. ಹತ್ತು ನಿಮಿಷದಲ್ಲಿ ಒಪ್ಪಿಗೆ ಬಂತು. ಅಜ್ಜಿ ಎಂದರೆ ಮಗುವಿಗೆ ಅಷ್ಟು ಪ್ರೀತಿ.

ಆದರೆ ಮಕ್ಕಳ ಆಟವಾದ್ದರಿಂದ ಇದರಲ್ಲಿ ಮಾತಾಡಲು, ಬರೆದು ಕಳಿಸಲು ಜಾಗವಿಲ್ಲ. ಸಾಕಿದ ಪ್ರಾಣಿಯೊಂದಕ್ಕೆ ಹೆಸರಿಟ್ಟು ಗೆಳತಿಗೆ ಉಡುಗೊರೆ ಕೊಡಬಹುದು, ಅಷ್ಟೇ. ಗೆಳತಿ ತಿರುಗಿ ಏನಾದರೂ ಕೊಟ್ಟರೆ, ಅದು ಯಾವ ಬೀದಿಯಿಂದ ಬಂತೆಂದು ಪರದೆಯ ಮೇಲೆ ತೋರಿಸುತ್ತದೆ. ಲತೇಶನಿಗೆ ಆ ಬೀದಿ ಬೇಕಿತ್ತು. ಊರು ಗೊತ್ತಾಗಿತ್ತು: ಗುರುವಾರ ಯಾರೋ ಸುರಕ್ಷಾಳನ್ನು ಮೂಡುಬಿದಿರೆಯ ಮಾರ್ಕೆಟಿನಲ್ಲಿ ಕಂಡಿದ್ದರು. ಬೀದಿ ಸಿಗಲಿ, ಸಿಗದಿರಲಿ, ನಾಳೆ ಬೆಳಿಗ್ಗೆ ಹೊರಡುವುದೇ ಎಂದಿದ್ದ.

ಉಡುಗೊರೆ ಕೊಡಲು ಐದನೇ ಹಂತ ಮುಟ್ಟಬೇಕು. ಶಶಿಪ್ರಭಾ ನಾಲ್ಕರಲ್ಲಿ ಸಿಕ್ಕಿಬಿದ್ದಿದ್ದಳು. ಇವತ್ತೇ ಮೊಮ್ಮಗಳಿಗೆ ಒಂದು ಮಾತು ಮುಟ್ಟಬೇಕು, ನಾಳೆ ಮುಟ್ಟಿ ಪ್ರಯೋಜನವಿಲ್ಲ ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಕಣ್ಣು ಉರಿಯುತ್ತಿತ್ತು. ಹಠ ಬಿಡಲಿಲ್ಲ.

ಮೊದಲ ದಿನ ಆಟ ಮೂರು ಪ್ರಾಣಿಗಳನ್ನು ಮುಂದಿಟ್ಟು ಒಂದನ್ನು ಆರಿಸು ಎಂದಿತ್ತು: ಬೆಂಕಿಯ ಮುಂಗುಸಿ, ಎಲೆ ಹೊದ್ದ ಆಮೆ, ನೀರಿನ ಏಡಿ. ಶಶಿಪ್ರಭಾ ಏಡಿಯನ್ನು ಆರಿಸಿದಳು. ಹೊಳೆಬದಿಯಲ್ಲಿ ಹುಟ್ಟಿದವಳಿಗೆ ಗೊತ್ತಿದ್ದದ್ದು ಅದೊಂದೇ. ಸಾರು ಮಾಡಲು ಗೊತ್ತಿದ್ದರೆ ಸಾಲದು, ಜಗಳ ಮಾಡಿಸಲೂ ಗೊತ್ತಿರಬೇಕು ಎಂದು ಶಮ್ನಾ ತಮಾಷೆ ಮಾಡಿದ್ದಳು.

ಜಗಳವೇ ಆಕೆಗೆ ಆಗದ್ದು. 'ಹೊಡೆ' ಎಂಬ ಗುಂಡಿಯ ಹತ್ತಿರ ಬೆರಳು ತಂದು ನಿಲ್ಲಿಸುತ್ತಿದ್ದಳು. ಅಷ್ಟರಲ್ಲಿ ಎದುರಿನ ಕಲ್ಲುಕೋಣ ಏಡಿಯನ್ನು ಮಗುಚಿ ಹಾಕುತ್ತಿತ್ತು.

"ಹೊಡೆಯದೆ ಹಿಡೀಲಿಕ್ಕೆ ಆಗುದಿಲ್ವಾ?"

"ಇಲ್ಲ ಶಶಿಯಕ್ಕ. ಹೊಡೆದು ಹೊಡೆದು ಸುಸ್ತು ಮಾಡಬೇಕು. ಪೂರ್ತಿ ಅಲ್ಲ, ಸ್ವಲ್ಪ ಜೀವ ಉಳಿಸಬೇಕು. ಆಗ ಅದು ತಪ್ಪಿಸಿಕೊಳ್ಳುದಿಲ್ಲ."

"ಅದು ಗೊತ್ತುಂಟು," ಎಂದಳು ಶಶಿಪ್ರಭಾ, ಮೆಲ್ಲಗೆ.

ಬಾಗಿಲಲ್ಲಿ ಲತೇಶ ಕಾಣಿಸಿಕೊಂಡ. ಅಮ್ಮನಿಗೆ ಎಳನೀರು ತಂದಿದ್ದ. ಫೋನು ಕೈಗೆತ್ತಿಕೊಂಡು ಮೇಲಿಂದ ಕೆಳಗಿನವರೆಗೆ ನೋಡಿ ಹಿಂದೆ ಕೊಟ್ಟ. ದಿನವೂ ಹೀಗೆ ನೋಡುತ್ತಿದ್ದ. ಅಪ್ಪನ ಕರುಳು, ಸುಮ್ಮನಿರುವುದಾದರೂ ಹೇಗೆ ಎಂದುಕೊಂಡಳು ಶಮ್ನಾ. ಕಾರಿನಲ್ಲಿ ಕಾಯುತ್ತೇನೆಂದು ಹೇಳಿ ಅವನು ಹೊರಗೆ ಹೋದ.

ಆಮೇಲೆ ಶಶಿಪ್ರಭಾಳ ಬೆರಳು ನಿಲ್ಲಲಿಲ್ಲ. ಹೊಡೆದಳು. ಏಡಿಗೆ ಮದ್ದು ಕೊಟ್ಟು ಮತ್ತೆ ಹೊಡೆದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಏಳೂಮುಕ್ಕಾಲಕ್ಕೆ ಕಲ್ಲುಕೋಣ ಮಂಡಿಯೂರಿತು. ಐದನೇ ಹಂತ.

"ಹೆಸರಿಗೆ ಹತ್ತು ಅಕ್ಷರ ಹಿಡಿಯುತ್ತದೆ," ಎಂದಳು ಶಮ್ನಾ. "'ಮನೆಗೆ ಬಾ ಮಗಾ' ಅಂತ ಬರೆಯಿರಿ. ಆರೇ ಆಗ್ತದೆ."

"ಕೊಟ್ಟ ಮೇಲೆ ಆ ಹೆಸರು ನನ್ನ ಫೋನಿನಲ್ಲಿ ಉಳೀತದಾ?"

ಇದನ್ನು ಆಕೆ ಕೇಳುತ್ತಿರುವುದು ಅಂದು ಮೂರನೇ ಸಲ. ಇಲ್ಲ, ಏಡಿಯೂ ಉಳಿಯುವುದಿಲ್ಲ, ಹೆಸರೂ ಉಳಿಯುವುದಿಲ್ಲ ಎಂದಳು ಶಮ್ನಾ. ಇಷ್ಟು ಕಷ್ಟಪಟ್ಟು ಸಾಕಿದ್ದನ್ನು ಕೊಡುವುದೆಂದರೆ ಯಾರಿಗಾದರೂ ಬೇಸರವೇ. ಹಳೆಯ ಫೋನು ರಿಪೇರಿಗೆ ತಂದ ಗಿರಾಕಿಯೊಬ್ಬ ಬಂದದ್ದರಿಂದ ಅವಳು ಅತ್ತ ತಿರುಗಿದಳು.

ಶಶಿಪ್ರಭಾ ಫೋನನ್ನು ಎದೆಯ ಹತ್ತಿರ ಹಿಡಿದು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಎರಡು ಸಲ ತಪ್ಪಿತು, ಅಳಿಸಿ ಮತ್ತೆ ಬರೆದಳು. ಲತೇಶ ಮೆಟ್ಟಿಲು ಹತ್ತುವುದಕ್ಕೂ ಏಡಿ ಪರದೆಯಿಂದ ಮಾಯವಾಗುವುದಕ್ಕೂ ಸರಿಹೋಯಿತು.

"ಆಯ್ತಾ ಅಮ್ಮ? ಏನು ಹೆಸರಿಟ್ಟೆ?"

"ಮುದ್ದು," ಎಂದಳು. ಸೆರಗಿನಿಂದ ಕೆನ್ನೆ ಒರೆಸಿಕೊಂಡಳು.

ಅವನು ಅಮ್ಮನ ಭುಜದ ಮೇಲೆ ಕೈಯಿಟ್ಟ. "ಅಳಬೇಡ. ನಾಳೆ ಇಬ್ಬರನ್ನೂ ಕರ್ಕೊಂಡು ಬರ್ತೇನೆ."

ಅದೇ ಹೊತ್ತಿಗೆ ಮೂಡುಬಿದಿರೆಯ ಬಾಡಿಗೆ ಕೋಣೆಯೊಂದರಲ್ಲಿ ಪ್ರಾಪ್ತಿ, ಅಜ್ಜಿ ಕಳಿಸಿದ ಏಡಿಯ ವಿಚಿತ್ರ ಹೆಸರನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದಳು: "ಅಪ್ಪ ಬರ್ತಾನೆ ಓಡಿ."