ಓಣಿಗೆ ಬಂದ ಕುಂಟೆತ್ತು

ಗದಗಿನ ಒಂದು ಹಳೆಯ ಓಣಿ... ಗಂಡನಿಗೆ ಟ್ರಾನ್ಸ್‌ಫರ್ ಆಗಿ, ಮೈಸೂರಿನ ಒಂದು ಕುಟುಂಬ ಅಲ್ಲಿಗೆ ಬಾಡಿಗೆಗೆ ಬಂದಿತ್ತು.

ಗಂಡ ಆಫೀಸಿಗೆ ಹೊರಟರೆ ಮನೆಯಲ್ಲಿ ಉಳಿಯುವವರು ಶ್ರೀಲತಾ, ಐದು ವರ್ಷದ ಮಗ ಚಿರಂತ್, ಮತ್ತು ಇನ್ನೂ ತೊದಲು ಮಾತಾಡುವ ಮಗಳು ಇಂಚರ.

ಓಣಿಯೇನೋ ಶ್ರೀಲತಾಗೆ ಬಲು ಹಿಡಿಸಿತ್ತು. ಬೆಳಗಾದರೆ ಮನೆಮನೆಯಿಂದ ರೊಟ್ಟಿ ಬಡಿಯುವ ಸದ್ದು... ಸಂಜೆಯಾದರೆ ಕಟ್ಟೆ ತುಂಬಾ ಹರಟೆ... ಯಾರ ಮಗು ಯಾರ ಮನೆಯಲ್ಲಿ ಉಂಡಿತು ಎಂದು ಯಾರೂ ಕೇಳುತ್ತಿರಲಿಲ್ಲ.

ಆದರೆ ಇದನ್ನೆಲ್ಲ ಅವಳು ನೋಡುತ್ತಿದ್ದದ್ದು ಕಿಟಕಿಯಿಂದ.

ಯಾಕೆಂದರೆ... ಚಿರಂತ್‌ನ ಒಂದು ಕಾಲು ಹುಟ್ಟಿನಿಂದಲೇ ಗಿಡ್ಡ. ಎಳೆದುಕೊಂಡು ನಡೆಯುತ್ತಿದ್ದ.

ಹಿಂದಿನ ಬಡಾವಣೆಯ ಮಕ್ಕಳು ಅವನನ್ನು 'ಕುಂಟ' ಎಂದೇ ಕರೆಯುತ್ತಿದ್ದರು. ಒಂದು ದಿನ ಪಾರ್ಕಿನಿಂದ ಬಂದವನು, "ಅಮ್ಮ, ಅವರಿಗೆ ನನ್ನ ಹೆಸರು ಗೊತ್ತಿಲ್ವಾ?" ಎಂದು ಕೇಳಿದ್ದ. ಆ ಪ್ರಶ್ನೆ ಅವಳ ಕರುಳು ಹಿಂಡಿತ್ತು.

ಹೊಸ ಊರಿನಲ್ಲಿ ಆ ಮಾತು ಮಗನ ಕಿವಿಗೆ ಬೀಳಲೇಬಾರದು ಎಂದು ತಾಯಿ ನಿರ್ಧರಿಸಿಬಿಟ್ಟಳು. ಬಾಗಿಲಿಗೆ ಸದಾ ಚಿಲಕ.

ಪಾಪ, ಹುಡುಗ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದ. ಓಣಿಯ ಮಕ್ಕಳು ಕೈ ಬೀಸಿದರೆ ಇವನೂ ಬೀಸುತ್ತಿದ್ದ.

"ನಾನೂ ಹೋಗ್ಲಾ ಅಮ್ಮ?"

"ನಾಳೆ ಹೋಗುವಂತೆ ಕಂದ..."

ಆ ನಾಳೆ ಬರುತ್ತಲೇ ಇರಲಿಲ್ಲ.

ಒಂದು ಬೆಳಿಗ್ಗೆ ಬಾಗಿಲ ಮುಂದೆ ಗದ್ದಲವೋ ಗದ್ದಲ. ತೆರೆದು ನೋಡಿದರೆ ಓಣಿಯ ಮಕ್ಕಳೆಲ್ಲ ನಿಂತಿದ್ದಾರೆ. ಮುಂದೆ ಎಂಟು ವರ್ಷದ ಭಾಗ್ಯಾ. ಅವಳ ಕೈಯಲ್ಲೊಂದು ಮಣೆ, ಮಣೆಯ ಮೇಲೊಂದು ಮಣ್ಣಿನ ಎತ್ತು... ಅದರ ಒಂದು ಕಾಲು ಮುರಿದಿತ್ತು.

"ಕುಂಟೆತ್ತು ಬಂದೈತ್ರೀ ಅಕ್ಕಾರ... ಕುಂಟೆತ್ತು..."

ಹಾಗೆ ಕೂಗುತ್ತಾ ಅವಳು ಆ ಎತ್ತನ್ನು ಕಿಟಕಿಯ ಕಡೆಗೆ, ಚಿರಂತ್‌ನ ಕಡೆಗೇ ತೋರಿಸುತ್ತಿದ್ದಳು.

ಶ್ರೀಲತಾಳ ಮೈಯೆಲ್ಲ ಉರಿದುಹೋಯಿತು. ಇಷ್ಟು ದೂರ ಬಂದರೂ ಬಿಡಲಿಲ್ಲವಲ್ಲ...

"ನಾಚಿಕೆ ಆಗಲ್ವಾ ನಿಮಗೆ? ನಿಮ್ಮ ಅಪ್ಪ ಅಮ್ಮ ಇದನ್ನೇನಾ ಕಲಿಸಿರೋದು? ಹೋಗಿ ಇಲ್ಲಿಂದ."

ಬಾಗಿಲು ಧಡಾರೆಂದು ಮುಚ್ಚಿತು. ಆ ಸಿಟ್ಟಿನಲ್ಲಿ ಚಿಲಕ ಹಾಕುವುದನ್ನು ಮರೆತಳು. ಅಡುಗೆಮನೆಗೆ ಹೋಗಿ ಒಬ್ಬಳೇ ಕೂತು ಅತ್ತಳು.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ ನೀಲವ್ವ ಹಿತ್ತಲ ಬಾಗಿಲಲ್ಲಿ ಬಂದು ನಿಂತರು.

"ಯಾಕವ್ವಾ, ಹುಡುಗ್ರನ್ನ ಬೈದು ಕಳಿಸಿದ್ಯಂತ. ಏನು ತಪ್ಪು ಮಾಡಿದ್ವು ಅವು?"

ಶ್ರೀಲತಾ ಬಿಕ್ಕುತ್ತಲೇ ಎಲ್ಲವನ್ನೂ ಹೇಳಿದಳು. ಮಗನ ಕಾಲು... ಹಳೆಯ ಬಡಾವಣೆ... ಆ ಅಡ್ಡಹೆಸರು...

ನೀಲವ್ವ ಗಲ್ಲದ ಮೇಲೆ ಕೈಯಿಟ್ಟರು. "ನಿನ್ನ ಮಗನ ಕಾಲು ಹಂಗೈತಿ ಅಂತ ಓಣ್ಯಾಗ ಯಾರಿಗೆ ಗೊತ್ತೈತಿ ನನ್ನವ್ವಾ? ಕಿಟಕ್ಯಾಗ ಅವನ ಮಾರಿ ಬಿಟ್ಟು ನಾವು ಇನ್ನೇನು ನೋಡೇವಿ?"

ಶ್ರೀಲತಾಳ ಅಳು ಅಲ್ಲೇ ನಿಂತಿತು. ಹೌದಲ್ಲ... ಅವನು ನಡೆಯುವುದನ್ನು ಯಾರೂ ನೋಡಿಯೇ ಇರಲಿಲ್ಲ.

"ನಿನ್ನೆ ಮಣ್ಣೆತ್ತಿನ ಅಮಾಸಿ. ಎಲ್ಲಾರ ಮನ್ಯಾಗೂ ಮಣ್ಣಿನ ಎತ್ತು ಮಾಡಿ ಪೂಜಿ ಮಾಡ್ತೀವಿ. ಮರುದಿನ ಹುಡುಗ್ರು ಒಂದು ಕುಂಟೆತ್ತು ಮಾಡ್ಕೊಂಡು ಮನಿ ಮನಿ ತಿರಗತಾವ. ಬಂದ ಕಾಳಿನಾಗ ಅಡಿಗಿ ಮಾಡಿಸ್ಕೊಂಡು ಎಲ್ಲಾ ಕೂಡಿ ಉಣ್ತಾವ. ಹಿಂದಿನಿಂದ ಬಂದ ಪದ್ಧತಿ."

ಆಮೇಲೆ ಅಜ್ಜಿ ಅವಳ ತಲೆ ಸವರುತ್ತಾ ಹೇಳಿದರು...

"ಚಂದ ಇರೋ ಎತ್ತೆಲ್ಲಾ ದೇವರ ಜಗಲಿ ಮ್ಯಾಲೆ ಸುಮ್ಮನ ಕುಂತಾವ ನೋಡವ್ವಾ. ಓಣಿ ತುಂಬಾ ಮೆರಿಯೋದು ಈ ಕುಂಟೆತ್ತು ಒಂದ. ಇದು ಬಂದ್ರ ನಮ್ಮಲ್ಲಿ ಯಾರೂ ಬಾಗಲಾ ಹಾಕಂಗಿಲ್ಲ."

"ಮತ್ತೆ... ಆ ಹುಡುಗಿ ಕಿಟಕಿಗೆ ಯಾಕೆ ತೋರಿಸ್ತಿದ್ಲು ಅಜ್ಜಿ?"

"ಕಿಟಕ್ಯಾಗಿನ ಹುಡುಗನ್ನೂ ಕರಕೊಂಡು ಹೋಗೋಣು ಅಂತ ಮುಂಜಾನಿಂದ ಒಂದ ಹಟ ಹಿಡದೈತಿ ಅದು. ಕರಿಯಾಕ ಬಂದಿತ್ತವ್ವಾ."

ಶ್ರೀಲತಾಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. "ಚಿರೂ..." ಎನ್ನುತ್ತಾ ಹಾಲ್‌ಗೆ ಓಡಿದಳು.

ಇಂಚರ ಒಬ್ಬಳೇ ಕೂತು ಆಡುತ್ತಿದ್ದಳು. ಬಾಗಿಲು ತೆರೆದಿತ್ತು. ಹುಡುಗ ಇರಲಿಲ್ಲ.

ಬರಿಗಾಲಲ್ಲೇ ಹೊರಗೆ ಬಂದಳು... ಬಂದವಳು ಹಾಗೇ ನಿಂತುಬಿಟ್ಟಳು.

ಓಣಿಯ ತಿರುವಿನಿಂದ ಮಕ್ಕಳ ಮೆರವಣಿಗೆ ಬರುತ್ತಿತ್ತು. ಎಲ್ಲರಿಗಿಂತ ಮುಂದೆ ಚಿರಂತ್. ಅವನ ಕೈಯಲ್ಲಿ ಮಣೆ, ಮಣೆಯ ಮೇಲೆ ಎತ್ತು. ಕಾಲೆಳೆಯುತ್ತಲೇ ನಡೆಯುತ್ತಿದ್ದ.

"ಕುಂಟೆತ್ತು ಬಂದೈತ್ರೀ..."

ಯಾವ ಮಾತು ಅವನ ಕಿವಿಗೆ ಬೀಳಬಾರದು ಎಂದು ಅವಳು ಬಾಗಿಲು ಹಾಕಿಕೊಂಡಿದ್ದಳೋ... ಆ ಮಾತನ್ನು ಅವನೇ ಓಣಿಗೆಲ್ಲ ಕೇಳುವಂತೆ, ನಗುನಗುತ್ತಾ ಕೂಗುತ್ತಿದ್ದ.

ಮನೆಮನೆಯಿಂದ ಹೆಂಗಸರು ಮೊರದಲ್ಲಿ ಜೋಳ ತಂದು ಸುರಿಯುತ್ತಿದ್ದರು. ಎತ್ತಿಗೆ ಕೈಮುಗಿದು, ಅದನ್ನು ಹೊತ್ತವನ ಗಲ್ಲ ಹಿಂಡಿ ಹೋಗುತ್ತಿದ್ದರು. ಶ್ರೀಲತಾಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ.

ಒಳಗೆ ಓಡಿದಳು. ಮೈಸೂರಿನವರ ಮನೆಯಲ್ಲಿ ಜೋಳ ಎಲ್ಲಿಂದ ಬರಬೇಕು? ಇದ್ದ ರಾಗಿಯನ್ನೇ ಮೊರಕ್ಕೆ ಸುರಿದುಕೊಂಡು ಬಂದಳು.

ಭಾಗ್ಯಾ ಇಣುಕಿ ನೋಡಿದಳು. "ಇದೇನ್ರೀ ಅಕ್ಕಾರ, ಸಾಸಿವಿ ಏನು?"

"ರಾಗಿ ಪುಟ್ಟ... ನಮ್ಮೂರಿನ ಕಾಳು. ನಿಮ್ಮನ್ನೆಲ್ಲ ಬೈದ್ಬಿಟ್ಟೆ, ತಪ್ಪಾಯ್ತಮ್ಮ."

"ಇರಲಿ ಹಾಕ್ರಿ. ನಮ್ಮ ಎತ್ತಿಗೆ ಎಲ್ಲಾ ನಡೀತೈತಿ."

ಮೆರವಣಿಗೆ ಮುಂದೆ ಹೊರಟಿತು. ಆಗ ಅವಳ ಕಣ್ಣಿಗೆ ಇನ್ನೊಂದು ವಿಷಯ ಬಿತ್ತು...

ದಿನವಿಡೀ ಕಾರಣವಿಲ್ಲದೆ ಓಡುವ ಮಕ್ಕಳು ಅವು. ಇವತ್ತು ಒಂದೂ ಓಡುತ್ತಿರಲಿಲ್ಲ. ಚಿರಂತ್ ನಿಂತರೆ ನಿಲ್ಲುತ್ತಿದ್ದವು, ಹೆಜ್ಜೆಯಿಟ್ಟರೆ ಹೆಜ್ಜೆಯಿಡುತ್ತಿದ್ದವು. ಒಂದು ಪುಟಾಣಿ ತಡೆಯಲಾರದೆ ಮುಂದೆ ನುಗ್ಗಿದಾಗ ಭಾಗ್ಯಾ ಅದರ ಅಂಗಿ ಹಿಡಿದು ಎಳೆದಳು.

"ಏ, ಎತ್ತಿನಕಿಂತ ಮುಂದ ಹೋಗಬಾರದು. ಅದು ಹೆಂಗ ನಡೀತೈತೋ ನಾವೂ ಹಂಗ ನಡೀಬೇಕು."

ಅಷ್ಟು ದೊಡ್ಡ ಗುಂಪು ತನ್ನ ಮಗನ ಹೆಜ್ಜೆಗೆ ಹೆಜ್ಜೆ ಹಾಕುತ್ತಿತ್ತು. ತಾಯಿಯ ಕಣ್ಣು ತುಂಬಿ ಹರಿಯಿತು.

ಶ್ರೀಲತಾ ಇಂಚರಳನ್ನು ಸೊಂಟಕ್ಕೇರಿಸಿಕೊಂಡಳು... ತಾನೂ ಅವರ ಹಿಂದೆ, ನಿಧಾನವಾಗಿ ಹೊರಟಳು.

*

ನೋವು ಒಳಗೆ ಬರದಿರಲೆಂದು ನಾವು ಹಾಕಿಕೊಳ್ಳುವ ಬಾಗಿಲು, ಬರಬೇಕಾದ ಪ್ರೀತಿಯನ್ನೂ ಹೊರಗೇ ನಿಲ್ಲಿಸಿಬಿಡುತ್ತದೆ.

ನಿಮ್ಮ ಬೀದಿಗೂ ಯಾರೋ ಹೊಸಬರು ಬಂದಿರಬಹುದು... ಆ ಮನೆಯ ಮಗುವನ್ನು ಆಟಕ್ಕೆ ಕರೆಯಲು ನಿಮ್ಮ ಮನೆಯಿಂದ ಯಾರಾದರೂ ಹೋಗಿದ್ದಾರಾ?