ಗಾಳಿಯ ಫೋಟೋ

ತಪಾಸಣೆಗೆ ಬರುವ ಸಾಹೇಬರಿಗೆ ತೋರಿಸಲೆಂದೇ ವಿಜ್ಞಾನದ ಮೇಷ್ಟ್ರು ಹದಿನೈದು ದಿನ ಒದ್ದಾಡಿ, ಗಾಳಿಯ ಫೋಟೋ ತೆಗೆಯುವ ಏರ್ಪಾಡು ಮಾಡಿದ್ದರು. ಲ್ಯಾಬಿನ ಒಂದು ತುದಿಯಲ್ಲಿ ನಿಮ್ನ ದರ್ಪಣ, ಇನ್ನೊಂದು ತುದಿಯಲ್ಲಿ ಪುಟ್ಟ ದೀಪ, ಕ್ಷೌರದ ಬ್ಲೇಡು, ಕ್ಯಾಮೆರಾ. ಕ್ಯಾಮೆರಾ ಕಂಡದ್ದೆಲ್ಲ ಲ್ಯಾಪ್‌ಟಾಪಿನ ಪರದೆಯ ಮೇಲೆ ಮೂಡುತ್ತಿತ್ತು. ಹತ್ತನೇ ತರಗತಿಯ ಹುಡುಗಿಯೊಬ್ಬಳು ದರ್ಪಣದ ಮುಂದೆ ನಿಂತು ಉಸಿರು ಬಿಟ್ಟಳು. ಕಣ್ಣಿಗೆ ಕಾಣದ ಉಸಿರು ಪರದೆಯ ಮೇಲೆ ಹೊಗೆಯ ಹಾಗೆ ಸುರುಳಿ ಸುರುಳಿಯಾಗಿ ಹೊರಟಿತು.

"ಭೇಷ್!" ಎಂದ ಸಾಹೇಬರು ಪರದೆಯ ಮುಂದೆ, ದರ್ಪಣಕ್ಕೆ ಬೆನ್ನು ಮಾಡಿ ಕುರ್ಚಿ ಎಳೆದು ಕೂತು, ಹುಡುಗಿಯನ್ನು ಎದುರಿಗೆ ಕರೆದರು. ಪ್ರಶ್ನೆ ಕೇಳುತ್ತಾರೆಂದು ಮೇಷ್ಟ್ರು ಅಂದುಕೊಂಡೇ ಇರಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸದಂತೆ ಮೆಲ್ಲಗೆ ಸಾಹೇಬರ ಬೆನ್ನ ಹಿಂದಕ್ಕೆ ಸರಿದು, ಹುಡುಗಿಗೆ ಕಾಣುವ ಹಾಗೆ ದರ್ಪಣದ ಮುಂದೆ ನಿಂತರು.

"ಬಿಸಿ ಗಾಳಿ ಇದರಲ್ಲಿ ಹೇಗಮ್ಮ ಕಾಣುತ್ತೆ?"

ಮೇಷ್ಟ್ರು ಉಸಿರಿನಲ್ಲೇ ಹೇಳಿಕೊಟ್ಟರು.

"ಅದರಲ್ಲಿ ಬೆಳಕು ಬಾಗುತ್ತೆ ಸಾರ್."

"ಬ್ಲೇಡು ಯಾಕೆ?"

ಮೇಷ್ಟ್ರು ಮತ್ತೆ ತುಟಿಯಾಡಿಸಿದರು.

"ಬಾಗದೆ ಬಂದ ಬೆಳಕನ್ನ ತಡೆಯೋಕೆ ಸಾರ್."

ಸಾಹೇಬರು ಪರದೆಯಿಂದ ಕಣ್ಣು ಕೀಳದೆ ತಲೆದೂಗಿದರು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

"ಜಾಣೆ. ನಿನ್ನ ಹೆಸರೇನು?"

"ಗಂಗಾಂಬಿಕೆ" ಎಂದು ಮೇಷ್ಟ್ರು ಅದನ್ನೂ ಉಸುರಿಬಿಟ್ಟರು.

ಸಾಹೇಬರು ಹಿಂದಕ್ಕೆ ತಿರುಗಲಿಲ್ಲ.

"ಮೇಷ್ಟ್ರೇ, ನಿಮ್ಮ ಉಸಿರು ಆಗಿನಿಂದ ಪರದೆ ಮೇಲೆ ಬಹಳ ಚೆನ್ನಾಗಿ ಕಾಣ್ತಾ ಇದೆ. ಹೆಸರನ್ನಾದ್ರೂ ಅವಳೇ ಹೇಳ್ಲಿ ಬಿಡಿ."